ದೇಶವೂ ಕೋಶವೂ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಮಾತನ್ನು ಮನೆಯ ಹಿರಿಯರಿಂದ ನೀವು ಕೇಳಿರುತ್ತೀರಿ. ಜರ್ಮನಿಗೆ ಓದಲು ಹೋದವರಿಗೆ ಈ ಎರಡೂ ಒಟ್ಟಿಗೇ ಎದುರಾಗುತ್ತವೆ. ಅಲ್ಲಿ ಅನೇಕ ವಿಷಯಗಳಿಗೆ ಸೆಮಿಸ್ಟರಿನ ಕೊನೆಯಲ್ಲಿ ಒಂದೇ ಪರೀಕ್ಷೆ. ಪೂರ್ತಿ ಅಂಕ ಅದರದೇ. ನಡುವೆ ಎಚ್ಚರಿಸುವವರಿಲ್ಲದೆ ವಾರಕ್ಕೊಂದು ದೇಶ ಸುತ್ತುವ ಆಸೆ ಹುಟ್ಟುತ್ತದೆ. ಪ್ಯಾರಿಸ್ ಎಲ್ಲಿಗೂ ಓಡಿಹೋಗುವುದಿಲ್ಲ, ರಜೆಗಿರಲಿ. ಓದಿನ ದಿನಗಳಿಗೆ ಹತ್ತಿರದ ಊರು ಸಾಕು.

ಸ್ಟುಟ್‌ಗಾರ್ಟ್‌ನಲ್ಲಿ ಓದುತ್ತಿದ್ದರೆ ಒಂದು ಶನಿವಾರ ಟ್ಯೂಬಿಂಗನ್‌ಗೆ ಹೋಗಿ ಬನ್ನಿ. ರೈಲಿನಲ್ಲಿ ಸುಮಾರು ಒಂದು ಗಂಟೆ. ಹೋಗುವಾಗೊಂದು, ಬರುವಾಗೊಂದು ಪಾಠ ಓದಬಹುದು. ನೆಕ್ಕರ್ ನದಿಯ ದಡದ ಈ ಊರಿನ ವಿಶ್ವವಿದ್ಯಾಲಯ 1477ರಷ್ಟು ಹಳೆಯದು. ನಮ್ಮ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ಕಣ್ಣುಮುಚ್ಚಿದ್ದೂ ಇಲ್ಲಿಯೇ. 1853ರಲ್ಲಿ ಕನ್ನಡನಾಡಿಗೆ ಬಂದ ಅವರು ದೇಶವನ್ನೂ ಸುತ್ತಿದರು, ಕೋಶವನ್ನೇ ಬರೆದರು. ಆ ನಿಘಂಟು ಅಚ್ಚಾದದ್ದು 1894ರಲ್ಲಿ, 41 ವರ್ಷಗಳ ನಂತರ. ಅದರ ಮುಂದೆ ನಿಮ್ಮ ಒಂದು ಸೆಮಿಸ್ಟರ್ ಎಷ್ಟರದು?

ಸಂಜೆಯೊಳಗೆ ಮರಳಿ ಹಾಲು, ಅಕ್ಕಿ, ತರಕಾರಿ ಕೊಂಡಿಡಿ. ಭಾನುವಾರ ಅಲ್ಲಿ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಬೀದಿಗಳಲ್ಲಿ ಸದ್ದಡಗಿದ ಆ ದಿನವನ್ನು ಪುಸ್ತಕಕ್ಕೆ ಕೊಡಿ. ಹಿಂದಿನ ದಿನ ಸುತ್ತಿ ಬಂದ ಮನಸ್ಸು ಕುಳಿತು ಓದಲು ತಕರಾರು ಮಾಡದು.