ಕೋಡ್ ಜೊತೆ ಸೆಟ್ಟಿಂಗ್ಸೂ ಹಂಚಿಕೊಳ್ಳಿ

ಹತ್ತು ಜನ ಸೇರಿ ಬರೆಯುವ ಪ್ರಾಜೆಕ್ಟಿನಲ್ಲಿ ಎಡಿಟರ್ ಸೆಟ್ಟಿಂಗ್ಸನ್ನು ಪೂರ್ತಿ ಅವರವರ ಇಷ್ಟಕ್ಕೆ ಬಿಡಬಾರದು. ಅದರಲ್ಲೂ ಕನ್ನಡ ಪಠ್ಯ ಇದ್ದರೆ ಬಿಡಲೇಬಾರದು.

ಒಂದು ಹೆಸರು ತಗೊಳ್ಳಿ: ನಮ್ಮ ತಾಳವಾಡಿ ಸೀಮೆಯ ಗಾಜನೂರಿನ ರಾಜ್‌ಕುಮಾರ್. 'ಜ್' ಮತ್ತು 'ಕು' ನಡುವೆ ಕಣ್ಣಿಗೆ ಕಾಣದ ಯುನಿಕೋಡ್ ಅಕ್ಷರ ಒಂದಿದೆ, ಸಂಕೇತ 200ಸಿ. ಅದು ಹೋದರೆ 'ರಾಜ್ಕುಮಾರ್' ಆಗುತ್ತದೆ. ಜಕಾರಕ್ಕೆ ಕ ಒತ್ತು ಬಂದು ಕೂರುತ್ತದೆ. ವಿಎಸ್ ಕೋಡ್‌ನಂಥ ಎಡಿಟರ್ ಕಾಣದ ಅಕ್ಷರಗಳನ್ನು ಅನುಮಾನದ ಗುರುತು ಹಾಕಿ ತೋರಿಸುತ್ತದೆ. ಹೊಸಬರು ಅದನ್ನು ಕಸ ಅಂದುಕೊಂಡು ಅಳಿಸಿದರೆ ತಪ್ಪು ಅವರದಲ್ಲ, ಮೊದಲೇ ಹೇಳದ ತಂಡದ್ದು.

ಹೇಳುವುದು ಸುಲಭ. ಪ್ರಾಜೆಕ್ಟಿನ ಮೂಲ ಫೋಲ್ಡರಿನಲ್ಲಿ ಒಂದು 'ಎಡಿಟರ್‌ಕಾನ್ಫಿಗ್' ಕಡತ ಇಡಿ. ಎನ್ಕೋಡಿಂಗ್ ಯುಟಿಎಫ್-8, ಸಾಲಿನ ಕೊನೆ ಎಲ್‌ಎಫ್, ಇಂಡೆಂಟ್‌ಗೆ ಟ್ಯಾಬೋ ಸ್ಪೇಸೋ ಎಂದು ನಾಲ್ಕೈದು ಸಾಲು ಸಾಕು. ಕೆಲವು ಎಡಿಟರ್‌ಗಳು ಅದನ್ನು ತಾವೇ ಓದುತ್ತವೆ, ಕೆಲವಕ್ಕೆ ಪ್ಲಗಿನ್ ಬೇಕು. ವಿಎಸ್ ಕೋಡ್ ಬಳಸುವವರಿಗಾಗಿ, 200ಸಿ ಇರಬಹುದು ಎಂದು ಪ್ರಾಜೆಕ್ಟಿನ ಸೆಟ್ಟಿಂಗ್ಸ್ ಕಡತದಲ್ಲೂ ಬರೆದು, ಎರಡನ್ನೂ ಕೋಡ್ ಜೊತೆಗೇ ಗಿಟ್‌ಗೆ ಸೇರಿಸಿ. ಸಾಲಿನ ಕೊನೆ ಒಂದೇ ಥರ ಇದ್ದರೆ, ಒಂದು ಪದ ತಿದ್ದಿದ್ದಕ್ಕೆ ಇಡೀ ಕಡತ ಬದಲಾದಂತೆ ಕಾಣುವ ತಲೆನೋವೂ ತಪ್ಪುತ್ತದೆ.

ಫಾಂಟ್, ಬಣ್ಣ, ಅಕ್ಷರದ ಗಾತ್ರ ಮಾತ್ರ ಅವರವರ ಕಣ್ಣಿಗೆ ಬಿಟ್ಟದ್ದು, ಅದನ್ನು ಹೇರಬೇಡಿ. ಕಡತದೊಳಗೆ ಉಳಿಯುವುದೆಲ್ಲ ತಂಡದ ತೀರ್ಮಾನ ಆಗಲಿ.