ವಂಶಾವಳಿಯಲ್ಲಿ ಬಿಟ್ಟುಹೋದ ಹೆಸರು

ಪುರಾಣಗಳ ವಂಶಾವಳಿಯನ್ನು ತರಗತಿಯಲ್ಲಿ ನಾನು ಬಹುಕಾಲ ಬೇಗನೆ ದಾಟಿಸಿಬಿಡುತ್ತಿದ್ದೆ. ಅದು ತಪ್ಪೆಂದು ತಿಳಿಸಿದವನು ಪಂಪ. 941ರಲ್ಲಿ ರಚಿತವಾದ ಆದಿಪುರಾಣದಲ್ಲಿ ವೃಷಭನಾಥನ ಕಥೆ ಆತನ ಹಿಂದಿನ ಭವಗಳಿಂದ ಆರಂಭವಾಗುತ್ತದೆ. ಜೈನಪುರಾಣದ ಭವಾವಳಿಯಲ್ಲಿರುವುದು ಒಂದೇ ಜೀವದ ಕರ್ಮದ ಲೆಕ್ಕ. ಅದರ ಏಳುಬೀಳುಗಳೆರಡೂ ಅಲ್ಲಿ ದಾಖಲಾಗುತ್ತವೆ.

ವಿಕ್ರಮಾರ್ಜುನ ವಿಜಯದಲ್ಲಿ ತನ್ನ ವಂಶವನ್ನು ಹೇಳುವಾಗಲೂ ಪಂಪನದು ಇದೇ ಪ್ರಾಮಾಣಿಕತೆ. ತಂದೆ ಜಿನಧರ್ಮವನ್ನು ಸ್ವೀಕರಿಸಿದ್ದರೂ, ಯಜ್ಞಗಳನ್ನು ಮಾಡಿದ ಪೂರ್ವಿಕ ಮಾಧವ ಸೋಮಯಾಜಿಯನ್ನು ಆತ ಅಳಿಸುವುದಿಲ್ಲ. ಹೋಮದ ಹೊಗೆ ಅವನ ಕೀರ್ತಿಯನ್ನು ಕಪ್ಪಾಗಿಸಿತೆಂದು ಹೇಳಿಯೇ ಉಳಿಸಿಕೊಳ್ಳುತ್ತಾನೆ. ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನವಾದರೋ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳಾದ ತಾಯಿ ಅಬ್ಬಣಬ್ಬೆಯ ಹೆಸರನ್ನೂ ಬಂಡೆಯ ಮೇಲೆ ಉಳಿಸಿದೆ.

ತಂದೆಯವರು ತೀರಿಕೊಂಡ ಮೇಲೆ ಸಿದ್ದಾಪುರದ ಮನೆಯ ಪೆಟ್ಟಿಗೆಯಲ್ಲಿ ಅವರೇ ಬರೆದಿಟ್ಟ ವಂಶವೃಕ್ಷ ಸಿಕ್ಕಿತು. ಆರು ತಲೆಮಾರು, ಒಬ್ಬ ಹೆಂಗಸೂ ಇಲ್ಲ. ಅಜ್ಜಿಯ ಹೆಸರು ಗೊತ್ತಿತ್ತು, ಸೇರಿಸಿದೆ. ಮುತ್ತಜ್ಜಿಯ ಹೆಸರನ್ನು ಕೇಳಿಕೊಂಡು ಶಿರಸಿ, ಯಲ್ಲಾಪುರಗಳ ನೆಂಟರ ಮನೆಗಳಿಗೆಲ್ಲ ಹೋಗಿಬಂದೆ. ತಿಳಿದವರು ಯಾರೂ ಉಳಿದಿರಲಿಲ್ಲ. ಮುತ್ತಜ್ಜನ ಪಕ್ಕದಲ್ಲಿ ಗೆರೆಯೆಳೆದು, ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ಈಗ ತರಗತಿಯಲ್ಲಿ ವಂಶಾವಳಿ ಬಂದಾಗ ಒಂದು ಹೆಸರನ್ನೂ ಬಿಡದೆ ಓದಿಸುತ್ತೇನೆ.