ಶರೀಫ್ ಹುಡುಗನ ನಗು

ಫಾರೂಕ್ ಶೇಖ್ ಮತ್ತು ದೀಪ್ತಿ ನವಲ್ ಜೋಡಿಯ ಮಾತು ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಒಂದೇ ಪದ ಕೇಳಿಬರುತ್ತದೆ: ಶರೀಫ್. ಹೀರೋ ಅಂದರೆ ಹೀಗಿರಬೇಕು, ಕೂಗಾಡುವುದಿಲ್ಲ, ಮೇಲೆ ಬೀಳುವುದಿಲ್ಲ, ಹುಡುಗಿಯ ಹತ್ತಿರ ಮಾತಾಡುವಾಗ ಅವನೇ ಸ್ವಲ್ಪ ತಡವರಿಸುತ್ತಾನೆ ಎಂದು ಸಿನಿಮಾ ಎಂದರೆ ಮುಖ ಸಿಂಡರಿಸುವ ಹಿರಿಯರೂ ಒಪ್ಪುತ್ತಾರೆ. ಸಾದಾ ಕುರ್ತಾ, ತುಟಿಯಂಚಿನಲ್ಲೊಂದು ನಗು, ಉರ್ದುವಿನ ಹದ ಬೆರೆತ ಹಿಂದಿ. ನಾವು ಈ ಚಿತ್ರಗಳನ್ನು ದೂರದರ್ಶನದಲ್ಲಿ ನೋಡಿ ಬೆಳೆದವರು. ಆದರೆ ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. 1981ರಿಂದ 1983ರೊಳಗೆ ಬಂದ ಇವರ ಚಿತ್ರಗಳು ಆ ಶರಾಫತ್ತನ್ನು ಹೊಗಳಿದ್ದಕ್ಕಿಂತ ಪರೀಕ್ಷಿಸಿದ್ದೇ ಹೆಚ್ಚು.

ಸಾಯಿ ಪರಾಂಜಪೆಯವರ 'ಚಶ್ಮೆ ಬದ್ದೂರ್' (1981) ಎಲ್ಲರಿಗೂ ನೆನಪಿರುವುದು 'ಚಮ್ಕೋ' ಸೋಪಿನ ಪುಡಿಯಿಂದ. ದೆಹಲಿಯ ಬಿಸಿಲಲ್ಲಿ ಮನೆ ಮನೆಗೆ ಪುಡಿ ಮಾರುತ್ತ ಬರುವ ನೇಹಾ ಬಾಗಿಲು ತಟ್ಟುತ್ತಾಳೆ, ಪುಸ್ತಕದ ಹುಳುವಾದ ಸಿದ್ಧಾರ್ಥ ಬಾಗಿಲು ತೆಗೆಯುತ್ತಾನೆ, ಬಕೆಟ್ಟಿನ ತುಂಬ ನೊರೆಯೋ ನೊರೆ. ಹಿಂದಿ ಚಿತ್ರರಂಗದಲ್ಲಿ ಇದಕ್ಕಿಂತ ಮರ್ಯಾದೆಯಿಂದ ಶುರುವಾದ ಪ್ರೇಮ ಅಪರೂಪ. ಆದರೆ ಮುಂದೇನಾಗುತ್ತದೆ? ಹೊಟ್ಟೆಕಿಚ್ಚು ಪಟ್ಟ ಗೆಳೆಯರಿಬ್ಬರು ನೇಹಾಳ ಬಗ್ಗೆ ಇಲ್ಲಸಲ್ಲದ್ದು ಹೇಳುತ್ತಾರೆ. ಸಿದ್ಧಾರ್ಥ ನಂಬುತ್ತಾನೆ. ಅವಳನ್ನು ಕರೆದು ಕೂರಿಸಿ, ಹೌದೇನೇ, ಇದು ನಿಜವೇ ಎಂದು ಕೇಳುವುದಿಲ್ಲ. ಸುಮ್ಮನೆ ದೂರವಾಗುತ್ತಾನೆ. ಶರೀಫ್ ಹುಡುಗ ಬೈಯುವುದಿಲ್ಲ, ಹೊಡೆಯುವುದಿಲ್ಲ, ನಿಜ. ಸದ್ದಿಲ್ಲದೆ ಹೊರಟುಹೋಗುವುದೂ ಒಂದು ಏಟೇ ಅಲ್ಲವೇ? ಹಾಸ್ಯಚಿತ್ರವಾದ್ದರಿಂದ ಕೊನೆಗೆ ಎಲ್ಲ ಸರಿಹೋಗುತ್ತದೆ. ದೀಪ್ತಿಯ ಮುಖದ ಆ ಗಲಿಬಿಲಿ ಮಾತ್ರ ನಮ್ಮ ಮನಸ್ಸಿನಿಂದ ಹೋಗುವುದಿಲ್ಲ.

ಅದೇ ನಿರ್ದೇಶಕಿ 'ಕಥಾ'ದಲ್ಲಿ (1983) ಇನ್ನೂ ಮುಂದೆ ಹೋದರು. ಮರಾಠಿ ನಾಟಕವೊಂದನ್ನು ಆಧರಿಸಿದ ಚಿತ್ರ, ಮೊಲ ಮತ್ತು ಆಮೆಯ ಹಳೆಯ ಕತೆಯನ್ನು ಮುಂಬಯಿಯ ವಠಾರಕ್ಕೆ ತಂದದ್ದು. ಆಮೆ ನಾಸಿರುದ್ದೀನ್ ಶಾಹ್: ಗುಮಾಸ್ತ ರಾಜಾರಾಮ್, ಎದುರುಮನೆಯ ಸಂಧ್ಯಾಳನ್ನು ಒಳಗೊಳಗೇ ಪ್ರೀತಿಸುವವನು. ಮೊಲ ನಮ್ಮ ಫಾರೂಕ್! ಬಾಶು ಎಂಬ ಈ ಹಳೆಯ ಗೆಳೆಯ ಬಂದು ರಾಜಾರಾಮನ ಕೋಣೆಯಲ್ಲಿ ಠಿಕಾಣಿ ಹೂಡುತ್ತಾನೆ. ವಠಾರದ ಮುದುಕರಿಗೆ, ಹೆಂಗಸರಿಗೆ, ಮಕ್ಕಳಿಗೆ, ಕಂಪನಿಯ ಮಾಲೀಕನಿಗೆ, ಮಾಲೀಕನ ಹೆಂಡತಿಗೆ, ಮಗಳಿಗೆ, ಯಾರಿಗೆ ಯಾವ ಮಾತು ಹಿತವೋ ಅದನ್ನೇ ಆಡುತ್ತಾನೆ. ಗಮನಿಸಬೇಕಾದ್ದು, ಫಾರೂಕ್ ಇಲ್ಲಿ ಖಳನಾಯಕನ ಮುಖ ಹಾಕಿಕೊಂಡಿಲ್ಲ. ಸಿದ್ಧಾರ್ಥನ ನಗುವನ್ನೇ ತಂದಿದ್ದಾನೆ. ಅದೇ ಮೃದು ದನಿ, ಅದೇ ಅದಬ್. ಸಂಧ್ಯಾ ಮೋಸಹೋಗುವುದು ಆ ನಗುವಿಗೆ, ಅವಳ ಅಪ್ಪ ಅಮ್ಮ ಮೋಸಹೋಗುವುದೂ ಅದಕ್ಕೇ. ಪ್ರೇಕ್ಷಕರಾದ ನಾವೂ ಅರ್ಧ ಚಿತ್ರದವರೆಗೆ ಅವನ ಪಕ್ಷವೇ. ಮದುವೆಯ ಹೊತ್ತಿಗೆ ಬಾಶು ಪರಾರಿ. ಸಂಧ್ಯಾ ತನಗಾದದ್ದನ್ನು ಮುಚ್ಚಿಡದೆಯೇ ರಾಜಾರಾಮನ ಮುಂದೆ ನಿಲ್ಲುತ್ತಾಳೆ, ಅವನು ಅವಳ ಕೈ ಬಿಡುವುದಿಲ್ಲ. ನಿಜವಾದ ಶರೀಫ್ ಯಾರೆಂದು ಆಗ ಗೊತ್ತಾಗುತ್ತದೆ. ಅವನಿಗೆ ಚೆಂದವಾಗಿ ಮಾತಾಡಲೂ ಬರುವುದಿಲ್ಲ.

ಇವೆರಡರ ನಡುವೆ ರಮಣ್ ಕುಮಾರ್ ನಿರ್ದೇಶನದ 'ಸಾಥ್ ಸಾಥ್' (1982) ಇದೆ. ಇದರ ಗಜಲ್‌ಗಳನ್ನು ಜಗಜೀತ್ ಮತ್ತು ಚಿತ್ರಾ ಸಿಂಗ್ ದನಿಯಲ್ಲಿ ಕೇಳಿದವರು ಲೆಕ್ಕವಿಲ್ಲ, ಕತೆಯನ್ನು ನೆನಪಿಟ್ಟವರು ಕಡಿಮೆ. ಸಮಾಜವನ್ನು ಬದಲಿಸುವ ಕನಸಿನ ಅವಿನಾಶ್, ಅವನನ್ನು ನಂಬಿ ಶ್ರೀಮಂತ ತಂದೆಯ ಮನೆ ಬಿಟ್ಟು ಬರುವ ಗೀತಾ. ಬಡತನ ಕಚ್ಚತೊಡಗಿದಾಗ ಅವಿನಾಶ್ ಪ್ರಕಾಶನದ ವ್ಯಾಪಾರಕ್ಕೆ ಇಳಿಯುತ್ತಾನೆ, ದುಡ್ಡು ಬರುತ್ತದೆ, ನಂಬಿದ್ದ ಮಾತುಗಳು ಒಂದೊಂದೇ ಉದುರುತ್ತವೆ. ಹೆಂಡತಿಗೆ ಅವನು ಕೊಡುವ ಉತ್ತರ ಹೊಸದೇನಲ್ಲ: ಇದೆಲ್ಲ ನಿನಗಾಗಿಯೇ. ಗೀತಾಗೆ ಬೇಕಾಗಿದ್ದದ್ದು ಅದಲ್ಲ. ಆ ಮನೆಯಲ್ಲಿ ಇರಲಾರೆ ಎನ್ನುವ ಹಂತಕ್ಕೆ ಅವಳು ಬರುತ್ತಾಳೆ. ಹೊರಗಿನವರ ಕಣ್ಣಿಗೆ ಅವಿನಾಶ್‌ನಲ್ಲಿ ಏನು ಕೊರತೆ? ಕುಡಿಯುವುದಿಲ್ಲ, ಬಡಿಯುವುದಿಲ್ಲ, ಸಂಸಾರಕ್ಕೆ ದುಡಿಯುತ್ತಾನೆ.

ಗಂಡು ನೋಡುವಾಗ ನಮ್ಮಲ್ಲಿ ಮೊದಲು ಕೇಳುವ ಪ್ರಶ್ನೆ 'ಲಡ್ಕಾ ಶರೀಫ್ ಹೈ ಕ್ಯಾ?' ಮಸೀದಿಯಲ್ಲಿ ವಿಚಾರಿಸುತ್ತೇವೆ, ಅಂಗಡಿಯಲ್ಲಿ ವಿಚಾರಿಸುತ್ತೇವೆ, ಅವನು ದುಡಿಯುವ ಊರಿನಲ್ಲಿ ಯಾರಾದರೂ ಪರಿಚಿತರಿದ್ದರೆ ಫೋನ್ ಮಾಡುತ್ತೇವೆ. ಸಿಗುವ ಉತ್ತರವೂ ಒಂದೇ: ತಲೆ ಎತ್ತಿ ಮಾತಾಡುವುದಿಲ್ಲ, ಸಲಾಂ ಹೇಳದೆ ಮುಂದೆ ಹೋಗುವುದಿಲ್ಲ. ಬಾಶುವೂ ಇದೆಲ್ಲವನ್ನೂ ಮಾಡುತ್ತಿದ್ದ. ಹುಡುಗಿಯನ್ನು ಮಾತ್ರ ಕೊನೆಗೆ ಕೇಳುತ್ತೇವೆ. ನಿಕಾಹ್‌ಗೆ ಅವಳ ಒಪ್ಪಿಗೆ ಬೇಕೇ ಬೇಕು ಎಂಬುದು ದೀನ್ ಹೇಳುವ ಮಾತು. ನಾವು ಅದನ್ನು ರುಜು ಹಾಕಿಸುವ ಗಳಿಗೆಗೆ ಇಳಿಸಿದ್ದೇವೆ. ಫಾರೂಕ್ ನಟಿಸಿದ, ಆದರೆ ದೀಪ್ತಿ ಇಲ್ಲದ 'ಬಾಜಾರ್' (1982) ಚಿತ್ರದಲ್ಲಿ ಹೈದರಾಬಾದಿನ ಬಡ ಹುಡುಗಿಯನ್ನು ಹಣವಂತ ವರನಿಗೆ ಮಾರುವ ಕತೆಯಿದೆ. ಅಲ್ಲಿ ಕೊಳ್ಳುವವರೂ ಮಾರುವವರೂ ತಹಜೀಬಿನ ಭಾಷೆಯಲ್ಲೇ ಮಾತಾಡುತ್ತಾರೆ.

ಇನ್ನೊಂದು ಮಾತು. ಫಾರೂಕ್ ಮೊದಲು ಗಮನ ಸೆಳೆದದ್ದು ಮೈಸೂರಿನಲ್ಲಿ ಹುಟ್ಟಿದ ಎಂ.ಎಸ್. ಸತ್ಯು ಅವರ 'ಗರ್ಮ್ ಹವಾ'ದಲ್ಲಿ, ಕೆಲಸ ಹುಡುಕಿ ಅಲೆಯುವ ಆಗ್ರಾದ ಸಿಕಂದರ್ ಮಿರ್ಜಾ ಆಗಿ. ದೀಪ್ತಿಯ ಜೊತೆಯಲ್ಲಿ ಮಾತ್ರ ಅವನು ಸಿದ್ಧಾರ್ಥ, ಅವಿನಾಶ್, ಬಾಶು. ನೋಡುವ ನಮಗೆ ಆ ಹೆಸರುಗಳಲ್ಲಿ ಏನೂ ವಿಶೇಷ ಕಾಣಲಿಲ್ಲ, ಯಾರಿಗೂ ಕಾಣಲಿಲ್ಲ. ಹೃಷಿಕೇಶ್ ಮುಖರ್ಜಿಯವರ 'ಕಿಸೀ ಸೇ ನ ಕೆಹನಾ' (1983) ಕೂಡ ಇದೇ ಜೋಡಿಯದು. 'ಹನಿಮೂನ್' ಹೋಟೆಲ್ 'ಹನುಮಾನ್' ಹೋಟೆಲ್ ಆದ ಅದರ ಫಲಕ ಸೆನ್ಸಾರ್ ಪಾಸಾಗಿ, ಥಿಯೇಟರಿನಲ್ಲಿ ಜನರನ್ನು ನಗಿಸಿತ್ತು. ಆ ದೃಶ್ಯದ ಚಿತ್ರವನ್ನು 2018ರಲ್ಲಿ ಟ್ವೀಟ್ ಮಾಡಿದ್ದಕ್ಕಾಗಿ ಪತ್ರಕರ್ತ ಮೊಹಮ್ಮದ್ ಜುಬೇರ್ ಅವರನ್ನು 2022ರ ಜೂನ್‌ನಲ್ಲಿ ದೆಹಲಿ ಪೊಲೀಸರು ಬಂಧಿಸಿದರು. ಮುಂದೆ ಜಾಮೀನು ಸಿಕ್ಕಿತು. ಆ ಹೊತ್ತಿಗೆ ಮುಖರ್ಜಿಯವರೂ ಇರಲಿಲ್ಲ, ಫಾರೂಕೂ ಇರಲಿಲ್ಲ.

ಇಬ್ಬರೂ ಬಹಳ ವರ್ಷಗಳ ಮೇಲೆ 'ಲಿಸನ್... ಅಮಾಯಾ'ದಲ್ಲೂ ಜೋಡಿಯಾದರು. ಪುಸ್ತಕಗಳ ನಡುವೆ ಕಾಫಿ ಅಂಗಡಿ ನಡೆಸುವ ವಿಧವೆ ಲೀಲಾ, ಅಲ್ಲಿಗೆ ಬರುವ ಒಂಟಿ ಫೋಟೋಗ್ರಾಫರ್ ಜಯಂತ್. ಈ ಸಲ ಹುಡುಗನ ಬಗ್ಗೆ ವಿಚಾರಿಸುವವಳು, ಬೇಡವೆನ್ನುವವಳು ಲೀಲಾಳ ಬೆಳೆದ ಮಗಳು. ನಗು ಅದೇ. ಆದರೆ ಜಯಂತ್‌ನ ನೆನಪು ಕೈಕೊಡತೊಡಗಿದೆ, ಲೀಲಾಗೆ ಅದು ತಿಳಿದೂ ಇದೆ. ಚಿತ್ರ ಬಿಡುಗಡೆಯಾದದ್ದು 2013ರ ಫೆಬ್ರವರಿಯಲ್ಲಿ. ಏಪ್ರಿಲ್‌ನಲ್ಲಿ 'ಚಶ್ಮೆ ಬದ್ದೂರ್' ಹೊಸ ಪ್ರಿಂಟ್ ಆಗಿ ಮತ್ತೆ ಥಿಯೇಟರಿಗೆ ಬಂತು. ಹೀಗೆ ಎರಡು ತಿಂಗಳ ಅಂತರದಲ್ಲಿ ಅದೇ ಇಬ್ಬರನ್ನು ನರೆತ ಕೂದಲಿನಲ್ಲೂ, ಬಕೆಟ್ಟಿನ ನೊರೆಯ ಮುಂದೆಯೂ ನೋಡಲು ಸಿಕ್ಕಿತು. ಡಿಸೆಂಬರ್ 28ರಂದು ದುಬೈಯಲ್ಲಿ ಫಾರೂಕ್ ಶೇಖ್ ತೀರಿಕೊಂಡರು. ವಯಸ್ಸು 65.